ಗೃಹಕೃತ್ಯ: ಕಡಲ ತಡಿಯ ಮನೆಗೆ ಬಣ್ಣ

ದೀಪಾವಳಿಗೆ ಮುನ್ನ ಮನೆಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಆದರೆ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ವಾಸಿಸುವ ಗೃಹಸ್ಥರು ಹಬ್ಬಕ್ಕೆಂದು ಬಹಳ ಹಣವನ್ನು ವ್ಯಯಮಾಡಿ ಹೊರಗೋಡೆಗೆ ಹಚ್ಚಿಸಿದ ಬಣ್ಣವು ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆಯೆದ್ದು, ಹಾವಿನ ಪೊರೆಯಂತೆ ಸುಲಿದುಬೀಳುವುದನ್ನು ಕಂಡು ಮರುಗುತ್ತಿರುತ್ತಾರೆ. ಬಣ್ಣದ ಡಬ್ಬವನ್ನು ಮಾರಿದವನನ್ನೂ ಹಚ್ಚಿದ ಕೆಲಸಗಾರನನ್ನೂ ಹಳಿಯುತ್ತಾರೆ. ಈ ತಪ್ಪು ನಿಜವಾಗಿ ಯಾರದು ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಸಂಸ್ಕೃತದಲ್ಲಿ 'ಸುಧಾ' ಎಂಬ ಶಬ್ದಕ್ಕೆ ಅಮೃತವೆಂದೂ ಸುಣ್ಣವೆಂದೂ ಎರಡು ಅರ್ಥಗಳುಂಟು. ಸುಧೆಯನ್ನು ಬಳಿದ ಮನೆಯೇ ಸೌಧ. ನಮ್ಮ ಪೂರ್ವಿಕರು ದೀಪಾವಳಿಗೆ ಹಚ್ಚುತ್ತಿದ್ದುದು ಈ ಸುಧೆಯನ್ನೇ, ಅಂದರೆ ಕಡಲ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು. ಸುಣ್ಣಕ್ಕೆ ಗೋಡೆಯ ತೇವವು ಶತ್ರುವಲ್ಲ. ಒಣಗೋಡೆಯಾದರೆ ನೀರು ಚಿಮುಕಿಸಿಯೇ ಅದನ್ನು ಬಳಿಯಬೇಕು. ಅದು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿ ಮೆಲ್ಲಮೆಲ್ಲನೆ ಕಲ್ಲಾಗುವುದು. ಆದರೂ ಅದರ ಸೂಕ್ಷ್ಮರಂಧ್ರಗಳು ತೆರೆದೇ ಇರುವುದರಿಂದ ಗೋಡೆಯೊಳಗಿನ ನೀರು ಆವಿಯಾಗಿ ಹೊರಗೆ ಹೋಗಲು ಅಡ್ಡಿಯಿಲ್ಲ. ಆದುದರಿಂದ ಮಳೆಗಾಲ ಮುಗಿದು ಗೋಡೆ ಇನ್ನೂ ಹಸಿಯಾಗಿರುವ ಆಶ್ವಯುಜ ಕಾರ್ತಿಕಗಳಲ್ಲಿ ಸುಣ್ಣ ಬಳಿದರೆ ಯಾವ ಹಾನಿಯೂ ಆಗುತ್ತಿರಲಿಲ್ಲ.

ಈಗ ಸುಣ್ಣದ ಸ್ಥಾನಕ್ಕೆ ಎಮಲ್ಶನ್ ಬಣ್ಣಗಳೂ ಎಣ್ಣೆಬಣ್ಣಗಳೂ ಬಂದಿವೆ. ಇವು ಕಲ್ಲಾಗುವುದಿಲ್ಲ, ಒಣಗಿ ಗೋಡೆಯ ಮೇಲೊಂದು ಪೊರೆಯಾಗಿ ನಿಲ್ಲುತ್ತವೆ. ಎಮಲ್ಶನ್ನಿನ ಪೊರೆಯು ಆವಿಯನ್ನು ಅಷ್ಟಿಷ್ಟು ಹೊರಬಿಟ್ಟರೂ ಎಣ್ಣೆಬಣ್ಣದ ಪೊರೆಯು ಬಹುಮಟ್ಟಿಗೆ ಬಿಡದು. ಹಸಿಗೋಡೆಯ ಮೇಲೆ ಇಂತಹ ಪೊರೆಯನ್ನು ಹಾಸಿದರೆ ಒಳಗಿನ ನೀರು ದಾರಿ ಕಾಣದೆ ಪೊರೆಯನ್ನೇ ನೂಕುವುದು. ಹಚ್ಚುವ ವಸ್ತು ಬದಲಾಯಿತು, ಹಚ್ಚುವ ಕಾಲ ಮಾತ್ರ ಬದಲಾಗಲಿಲ್ಲ. ಕರಾವಳಿಯ ಮನೆಗಳಲ್ಲಿ ಬಣ್ಣ ನಿಲ್ಲದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ.

ಇದರೊಡನೆ ಉಪ್ಪಿನ ಉಪದ್ರವವೂ ಸೇರುವುದು. ಆಷಾಢದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿಯಲ್ಲಿ ನೀರೊಡೆಯುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಗಾಳಿಯ ಆರ್ದ್ರತೆಯು ನೂರಕ್ಕೆ ಸುಮಾರು 75ನ್ನು ಮೀರಿದೊಡನೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗುವುದು. ಕಡಲ ಗಾಳಿ ತಂದು ಗೋಡೆಯ ಮೇಲೆ ಕೂರಿಸಿದ ಉಪ್ಪೂ ಹಾಗೆಯೇ ಕರಗಿ ಗೋಡೆಯ ರಂಧ್ರಗಳನ್ನು ಹೊಗುವುದು. ಬಿಸಿಲು ಬಂದಾಗ ನೀರು ಆರಿ, ಉಪ್ಪು ಮರಳಿ ಹರಳುಗಟ್ಟುವುದು. ಹರಳು ಬೆಳೆಯಲು ಸ್ಥಳ ಬೇಕಷ್ಟೆ. ಬಣ್ಣದ ಪೊರೆಯ ಹಿಂದೆ ಬೆಳೆದರೆ ಪೊರೆಯನ್ನು ಕೀಳುವುದು, ಗಾರೆಯೊಳಗೆ ಬೆಳೆದರೆ ಗಾರೆಯನ್ನೇ ಪುಡಿಮಾಡುವುದು. ಮುರಕಲ್ಲಿನ ಗೋಡೆಯು ರಂಧ್ರಬಹುಳವಾದುದರಿಂದ ಅದರಲ್ಲಿ ಈ ನೀರಿನ ಸಂಚಾರ ಸುಲಭ.

ನಮಗೆ ಪರಿಚಿತರಾದ ಒಬ್ಬ ಗೃಹಸ್ಥರು ಕುಂದಾಪುರದ ಕಡೆಯವರು. ಮಗಳ ವಿವಾಹವು ಮಾರ್ಗಶಿರದಲ್ಲಿ ನಿಶ್ಚಯವಾಗಲು, ಕಾರ್ತಿಕದಲ್ಲಿಯೇ ತರಾತುರಿಯಿಂದ ಹೊರಗೋಡೆಗೆ ಉತ್ತಮ ಬೆಲೆಯ ಬಣ್ಣವನ್ನು ಹಚ್ಚಿಸಿದರು. ಮದುವೆಯ ದಿನ ಮನೆ ಅರಮನೆಯಂತೆ ಹೊಳೆಯಿತು. ಮರುವರ್ಷ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವ ವೇಳೆಗೆ ಪಡುವಣ ಗೋಡೆ ತೊನ್ನು ಹತ್ತಿದಂತೆ ಕಾಣುತ್ತಿತ್ತು. ಹೆರಿಗೆಯ ಖರ್ಚಿಗೆ ಕೂಡಿಟ್ಟ ಹಣದಿಂದಲೇ ಇನ್ನೂ ಹೆಚ್ಚು ಬೆಲೆಯ ಬಣ್ಣವನ್ನು ತರಿಸಲು ಅವರು ಸಿದ್ಧರಾಗಿದ್ದರು. ಅನುಭವಶಾಲಿಯಾದ ಮೇಸ್ತ್ರಿಯೊಬ್ಬನು ಮನೆಯನ್ನು ಒಮ್ಮೆ ಸುತ್ತಿ ಬಂದು, "ಸ್ವಾಮೀ, ಬಣ್ಣಕ್ಕೆ ಮೊದಲು ಆ ಸೂರಿನ ನಾಲ್ಕು ಹಂಚು ಬದಲಿಸಿ, ಬಚ್ಚಲ ನೀರನ್ನು ಗೋಡೆಯಿಂದ ದೂರಕ್ಕೆ ಹಾಯಿಸಿ, ಬಣ್ಣದ ಮಾತನ್ನು ಮಾಘದಲ್ಲಿ ಆಡೋಣ" ಎಂದನು. ಅವರು ಹಾಗೆಯೇ ಮಾಡಿದರು. ಮಾಘದಲ್ಲಿ ಹಚ್ಚಿದುದು ಮೊದಲಿನ ಬಣ್ಣವೇ. ಆಮೇಲೆ ಮೂರು ಮಳೆಗಾಲಗಳು ಕಳೆದರೂ ಅದು ಅಳಿದಿಲ್ಲ. ಹೆರಿಗೆಯ ಹಣವೂ ಹೆರಿಗೆಗೇ ಉಳಿಯಿತು.

ಆದುದರಿಂದ ಮೊದಲು ನೋಡತಕ್ಕದ್ದು ನೀರಿನ ಮಾರ್ಗವನ್ನು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಪಡುಗಾಳಿಯೊಡನೆ ಗೋಡೆಗೆ ರಾಚುವುದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹಂಚಿನ ಮಾಡು ಇಲ್ಲಿ ಮನೆಮಾತಾಯಿತು. ಆ ಮಾಡಿನ ಸೂರನ್ನು ಗೋಡೆಯಿಂದ ಬಹುದೂರ ಚಾಚುತ್ತಿದ್ದರು. ಗಾಳಿ ರಭಸವಾಗಿರುವ ಕಡೆ ತೆಂಗಿನ ಮಡಲಿನ ತಟ್ಟಿಗಳನ್ನೂ ಕಟ್ಟುತ್ತಿದ್ದರು. ಈಗಿನ ತಾರಸಿ ಮನೆಗಳಲ್ಲಿ ಸೂರೆಂಬುದೇ ಇಲ್ಲದೆ ಮಳೆಯೆಲ್ಲವೂ ಗೋಡೆಯ ಮುಖಕ್ಕೇ ಬೀಳುವುದು. ಅಂತಹ ಮನೆಯವರು ಪಡುವಣ ದಿಕ್ಕಿಗಾದರೂ ಒಂದು ಇಳಿಮಾಡನ್ನು ಹಾಕಿಸುವುದು ಹಿತ. ವೈಶಾಖದಲ್ಲಿ ಒಂದು ದಿನ ಮನೆಯನ್ನು ಸುತ್ತಿ ಒಡೆದ ಹಂಚು, ಕಸ ತುಂಬಿದ ದೋಣಿ, ಗೋಡೆಯ ಬಿರುಕು, ಬುಡದಲ್ಲಿ ನಿಲ್ಲುವ ನೀರು, ಇವುಗಳನ್ನು ಪರೀಕ್ಷಿಸಿ ಸರಿಪಡಿಸತಕ್ಕದ್ದು.

ಎರಡನೆಯದು ಶೌಚ. ಬಣ್ಣ ಹಚ್ಚುವ ಮುನ್ನ ಗೋಡೆಯನ್ನು ಸಿಹಿನೀರಿನಿಂದ ತೊಳೆದು ಉಪ್ಪನ್ನು ಕಳೆಯಬೇಕು. ಕಡಲಿಗೆ ಸಮೀಪದ ಬಾವಿಗಳಲ್ಲಿ ಬೇಸಗೆಯ ನೀರು ಸವುಳಾಗುವುದುಂಟು. ಅದರಿಂದ ತೊಳೆದರೆ ಉಪ್ಪನ್ನು ಉಪ್ಪಿನಿಂದ ತೊಳೆದಂತಾಯಿತು. ಒಳಗಿನಿಂದ ಬೆಳ್ಳಗೆ ಅರಳಿದ ಉಪ್ಪನ್ನಾದರೋ ನೀರು ಮುಟ್ಟಿಸದೆ ಒಣ ಕುಂಚದಿಂದಲೇ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಕರಗಿ ಮತ್ತೆ ಒಳಗೇ ಸೇರುವುದು. ಹಸುರು ಕಪ್ಪು ಪಾಚಿಗೆ ಬ್ಲೀಚಿಂಗ್ ಪೌಡರಿನ ತೆಳುವಾದ ನೀರನ್ನು ಹಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಚೆನ್ನಾಗಿ ತೊಳೆಯುವುದು. ಅದಕ್ಕೆ ಆಮ್ಲವನ್ನು ಎಂದಿಗೂ ಬೆರಸಕೂಡದು, ವಿಷವಾಯು ಹುಟ್ಟುವುದು. ಹಳೆಯ ಸುಣ್ಣದ ಸಡಿಲ ಪದರದ ಮೇಲೆ ಹಚ್ಚಿದ ಬಣ್ಣ ನಿಲ್ಲದಾದುದರಿಂದ ಅದನ್ನೂ ಕೆರೆದು ತೆಗೆಯುವುದು ಅವಶ್ಯ.

ಕೆರೆಯುವ ವಿಷಯದಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವು ಸೇರಿರುತ್ತಿತ್ತು. ಮನೆಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಿ ಸೀಸವಿರಕೂಡದೆಂದು ಭಾರತ ಸರ್ಕಾರವು 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಬಾಗಿಲು, ಕಿಟಕಿ, ಸರಳುಗಳ ಬಣ್ಣವನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಮಾರಕ. ನೀರು ಹಚ್ಚಿ ಒದ್ದೆಯಾಗಿಯೇ ಕೆರೆಯಿಸಿ, ಮೂಗುಬಾಯಿಗೆ ತಕ್ಕ ಮುಸುಕು ಧರಿಸಲು ಕೆಲಸದವರಿಗೆ ತಿಳಿಸಿ, ಉದುರಿದುದನ್ನು ಹಾಸಿದ ಬಟ್ಟೆಯಲ್ಲಿ ಕಟ್ಟಿ ತೆಗೆಯಿಸಬೇಕು. ಆ ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆ ಮನೆಯಲ್ಲಿ ಇರಿಸುವುದು ಕ್ಷೇಮ.

ಮೂರನೆಯದು ಕಾಲ. ಪುಷ್ಯದಿಂದ ಚೈತ್ರದವರೆಗೆ ಗೋಡೆ ಚೆನ್ನಾಗಿ ಒಣಗಿರುವುದು. ಸಂದೇಹವಿದ್ದರೆ ಮೊಳದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕಂಚಿಗೂ ಬಿಗಿಯಾಗಿ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿರಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ, ಕಾಯಬೇಕು. ಹೊಸ ಸಿಮೆಂಟು ಗಾರೆಯನ್ನು 28 ದಿನಗಳಾದರೂ ಬಿಟ್ಟು, ಅದು ಒಣಗಿದ ಮೇಲೆಯೇ ಹಚ್ಚುವುದು. ಹಸಿ ಸಿಮೆಂಟಿನ ಕ್ಷಾರವು ಎಣ್ಣೆಬಣ್ಣವನ್ನು ಸಾಬೂನಿನಂತೆ ಮಾಡಿಬಿಡುವುದು. ಪಡುವಣ ಗೋಡೆಯನ್ನು ಬೆಳಿಗ್ಗೆಯೂ ಮೂಡಣ ಗೋಡೆಯನ್ನು ಮಧ್ಯಾಹ್ನದ ಮೇಲೆಯೂ, ಅಂದರೆ ನೆರಳಿರುವಾಗಲೇ, ಹಚ್ಚಿಸಬೇಕು. ಮೊದಲು ಪ್ರೈಮರ್, ಅನಂತರ ಬಣ್ಣದ ತೆಳುವಾದ ಎರಡು ಕೈ. ದಪ್ಪನಾದ ಒಂದು ಕೈ ಇದಕ್ಕೆ ಸಮವಾಗದು.

ಕಬ್ಬಿಣದ ಸರಳುಗಳಿಗೆ ಉಪ್ಪುಗಾಳಿಯಲ್ಲಿ ಬೇಗ ತುಕ್ಕು ಹಿಡಿಯುವುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಹಿಡಿಯುವುದರಿಂದ ಬಣ್ಣವನ್ನು ಎಬ್ಬಿಸಿಬಿಡುವುದು. ಆದಕಾರಣ ತುಕ್ಕನ್ನು ಕೆರೆದ ದಿನವೇ, ಸಂಜೆಯ ತೇವ ತಗಲುವ ಮೊದಲೇ, ರೆಡ್ ಆಕ್ಸೈಡನ್ನು ಹಚ್ಚಬೇಕು.

ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಲೇಪನವನ್ನು ವರ್ಣಿಸಿದ್ದಾನೆ. ಬೇಲದ ಎಳೆಗಾಯಿ, ಬೂರುಗದ ಹೂ ಮೊದಲಾದುವನ್ನು ನೀರಿನಲ್ಲಿ ಕುದಿಸಿ ಎಂಟರಲ್ಲೊಂದು ಪಾಲಿಗೆ ಬತ್ತಿಸಿ, ಅಂಟುಗಳನ್ನು ಬೆರಸಿ ಗೋಡೆಗೆ ಹಚ್ಚಿದರೆ ಕೋಟಿ ವರ್ಷ ಬಾಳುವುದಂತೆ! ಇಂದಿನ ಯಾವ ಡಬ್ಬದ ಮೇಲೂ ಇಷ್ಟು ದೊಡ್ಡ ಆಶ್ವಾಸನವನ್ನು ನಾವು ಕಂಡಿಲ್ಲ. ಎಂತಹ ಲೇಪನಕ್ಕೂ ಆಧಾರವು ಒಣಗಿದ ಗೋಡೆಯೇ ಸರಿ.

ಹಬ್ಬಕ್ಕೆ ಮನೆ ಮಂಕಾಗಿರಬೇಕೇ ಎಂದು ಗೃಹಿಣಿಯರು ಕೇಳಬಹುದು. ಹಾಗಲ್ಲ. ದೀಪಾವಳಿಗೆ ಹೊರಗೋಡೆಯ ಪಾಚಿಯನ್ನೂ ಕೆಸರನ್ನೂ ತೊಳೆಸಿರಿ. ಇದರಿಂದ ಬಣ್ಣದ ಆಯುಸ್ಸು ಹೆಚ್ಚುವುದು. ಮೊದಲಿನಿಂದಲೂ ಸುಣ್ಣವನ್ನೇ ಕಂಡ ಹಳೆಯ ಮುರಕಲ್ಲಿನ ಗೋಡೆಗೆ, ತುಳಸಿಕಟ್ಟೆಗೆ, ಆವರಣದ ಗೋಡೆಗೆ ಕಣ್ಣಿಗೆ ಸಿಡಿಯದಂತೆ ಜಾಗ್ರತೆವಹಿಸಿ ಹಾಲಿನಷ್ಟು ತೆಳುವಾದ ಸುಣ್ಣವನ್ನು ಎರಡು ಮೂರು ಬಾರಿ ಬಳಿಸಿರಿ. ಇದು ಬಡತನದ ಲಕ್ಷಣವೆಂದು ಸಂಕೋಚಪಡಬೇಕಾದುದಿಲ್ಲ. ಇಂತಹ ಗೋಡೆಗೆ ಅದಕ್ಕಿಂತ ಹಿತವಾದುದು ಮತ್ತೊಂದಿಲ್ಲ. ಡಬ್ಬದ ಬಣ್ಣವನ್ನು ಮಾತ್ರ ಮಾಘಮಾಸದವರೆಗೆ ತಡೆದಿರಿಸಿರಿ.