ಮೈದಾನ ಗೆದ್ದು ಪೇಪರಿನಲ್ಲಿ ಉಳಿಯುವ ನಮ್ಮ ಮಕ್ಕಳು

ನಸುಕಿನ ಐದು ಗಂಟೆಗೆ ನಮ್ಮ ಅಕ್ಕಲಕೋಟ ತಾಲೂಕಿನ ಯಾವ ಹಳ್ಳಿಯ ರಸ್ತೆಗೆ ಹೋಗಿ ನಿಂತರೂ ಓಡುವ ಹುಡುಗರು ಕಾಣುತ್ತಾರೆ. ಕೆಲವರ ಕಾಲಲ್ಲಿ ಬೂಟು, ಕೆಲವರದು ಬರಿಗಾಲು. ಎಲ್ಲರ ಬಾಯಲ್ಲೂ ಒಂದೇ ಮಾತು, ‘ಭರತಿ’. ಪೊಲೀಸ್ ಭರತಿ, ಇಲ್ಲವೇ ಮಿಲಿಟರಿ ಭರತಿ. ಮೂರು ವರ್ಷದ ಹಿಂದೆ ಡಾಕ್ಟರು ನಮಗೆ ಸಕ್ಕರೆ ಅಂಶ ಹೆಚ್ಚಾಗಿದೆ, ದಿನಾ ನಡೆಯಿರಿ ಎಂದರು. ನಡೆಯಲು ಹೋದ ನಾವು ಈ ಹುಡುಗರ ಬೆನ್ನುಹತ್ತಿ ಓಡತೊಡಗಿದೆವು. ಇವರಲ್ಲಿ ಅರ್ಧ ಜನ ನಮ್ಮ ಕನ್ನಡ ಶಾಲೆಯಲ್ಲೇ ಕಲಿತವರು.

ಮೊದಲ ದಿನದ ಫಜೀತಿ ಹೇಳಿದರೆ ನಗುತ್ತೀರಿ. ಹಳೆಯ ವಿದ್ಯಾರ್ಥಿಗಳ ಮುಂದೆ ಮಾನ ಹೋಗಬಾರದೆಂದು ಜೋರಾಗಿ ಓಡಿದೆವು. ಹಣಮಪ್ಪನ ಗುಡಿ ಬರುವಷ್ಟರಲ್ಲಿ ಉಸಿರು ಗಂಟಲಿಗೆ ಬಂತು. ಕಟ್ಟೆಯ ಮೇಲೆ ಕುಳಿತಾಗ ಒಬ್ಬ ಹುಡುಗ, “ಸರ್, ಮೊದಲನೇ ಸುತ್ತಿಗೇ ಎಲ್ಲಾ ಖರ್ಚ್ ಮಾಡಬಾರದ್ರಿ, ಕಡೀ ಸುತ್ತಿಗೆ ಉಳಸ್ಕೋಬೇಕು” ಎಂದ. ಅವನಿಗೆ ಉಳಿತಾಯದ ಗಣಿತ ಕಲಿಸಿದವರು ನಾವೇ!

ಆ ಹುಡುಗನ ಸಲುವಾಗಿಯೇ ಈ ಬರಹ. ಮಹಾರಾಷ್ಟ್ರದ ಪೊಲೀಸ್ ಶಿಪಾಯಿ ಭರತಿಯಲ್ಲಿ ಗಂಡುಮಕ್ಕಳಿಗೆ 1600 ಮೀಟರ್, ಹೆಣ್ಣುಮಕ್ಕಳಿಗೆ 800 ಮೀಟರ್ ಓಟವಿದೆ. 100 ಮೀಟರ್ ಓಟ, ಗುಂಡು ಎಸೆತ ಸೇರಿ ಮೈದಾನಕ್ಕೆ 50 ಅಂಕ. ಅದಾದ ಮೇಲೆ 100 ಅಂಕದ ಲಿಖಿತ ಪರೀಕ್ಷೆ, ಅದು ಮರಾಠಿಯಲ್ಲಿ. ಗಣಿತ, ಸಾಮಾನ್ಯ ಜ್ಞಾನ, ಬುದ್ಧಿಮತ್ತೆಯ ಜೊತೆಗೆ ಮರಾಠಿ ವ್ಯಾಕರಣವೂ ಇರುತ್ತದೆ. ನಮ್ಮ ಹುಡುಗ ಎರಡು ಸಲ ಮೈದಾನ ದಾಟಿದ, ಎರಡು ಸಲವೂ ಪೇಪರಿನಲ್ಲಿ ಉಳಿದ. “ಗಣಿತ ಬರ್ತಿತ್ರಿ ಸರ್, ಏನ್ ಕೇಳ್ಯಾರ ಅನ್ನೋದ ತಿಳೀಲಿಲ್ಲ” ಎಂದಾಗ ನಮಗೆ ಉತ್ತರ ಹೊಳೆಯಲಿಲ್ಲ.

ಊರಲ್ಲಿ ಮಾತ್ರ ಉತ್ತರ ಸಿದ್ಧವಾಗಿತ್ತು. ಕನ್ನಡ ಶಾಲೆಗೆ ಹಾಕಿದ್ದೇ ತಪ್ಪು ಅಂತ. ಅವನ ತಂದೆ ಮಗಳ ಟಿ.ಸಿ. ಕೇಳಲು ಶಾಲೆಗೆ ಬಂದರು. “ಒಬ್ಬನ ಬಾಳೇ ಹಿಂಗಾತ್ರಿ ಗುರುಗಳ, ಇಕೀದರೆ ಮರಾಠಿ ಸಾಲ್ಯಾಗ ಆಗಲಿ” ಎಂದರು. ಹುಡುಗಿ ಆರನೇ ತರಗತಿಯಲ್ಲಿದ್ದಾಳೆ, ಅಣ್ಣನಿಗಿಂತ ಚೆನ್ನಾಗಿ ಓಡುತ್ತಾಳೆ. ನಾವು ಒಂದು ವರ್ಷ ತಡೆಯಿರಿ ಎಂದು ಕೈಮುಗಿದೆವು.

ಪಾಲಕರೇ, ಮಗು ಮನೆಯ ಮಾತಿನಲ್ಲಿ ಲೆಕ್ಕ, ವಿಜ್ಞಾನ ಕಲಿತರೆ ಅದು ತಲೆಗೆ ಹತ್ತುತ್ತದೆ ಎಂಬ ನಮ್ಮ ನಂಬಿಕೆ ಅಲುಗಾಡಿಲ್ಲ. ಆದರೆ ಶಿಕ್ಷಕ ಬಂಧುಗಳೇ, ನಾವು ಮಾಡಿದ್ದೇನು? 2020ರ ಕಾನೂನಿನಿಂದ ರಾಜ್ಯದ ಎಲ್ಲ ಮಾಧ್ಯಮದ ಶಾಲೆಗಳಿಗೂ ಮರಾಠಿ ಕಡ್ಡಾಯವಾಗಿದೆ. ಆ ಪಿರಿಯಡ್ಡನ್ನು ನಾವು ಎಷ್ಟು ಸಲ ಬೇರೆ ಕೆಲಸಕ್ಕೆ ಬಳಸಿಕೊಂಡಿದ್ದೇವೆ ಎಂದು ಎದೆ ಮುಟ್ಟಿ ಹೇಳೋಣ. ಟಿ.ಸಿ.ಎಚ್. ಮುಗಿಸಿ ಬಂದ ನಾವು ಮರಾಠಿ ಕಲಿತದ್ದೇ ನೌಕರಿಗೆ ಸೇರಿದ ಮೇಲೆ. ಖುರ್ಚಿ ಹೆಣ್ಣು, ದರವಾಜಾ ಗಂಡು, ಘರ ನಪುಂಸಕ ಎಂಬ ಲೆಕ್ಕ ಕನ್ನಡದ ಬಾಯಿಗೆ ಸುಲಭವಾಗಿ ಹೊಂದುವುದಿಲ್ಲ. ಇಂದಿಗೂ ಕೇಂದ್ರದ ಸಭೆಯಲ್ಲಿ ತಪ್ಪಿ ನಗಿಸುತ್ತೇವೆ. ಭರತಿಯ ಜಾಹೀರಾತು ಬಂದ ಮೇಲೆ ಎರಡು ತಿಂಗಳಲ್ಲಿ ಗೈಡು ಓದಿ ಇದು ಬರುವುದಿಲ್ಲ. ಅದು ನಾವು ಹಣಮಪ್ಪನ ಗುಡಿಯವರೆಗೆ ಓಡಿದ ಓಟವಾಗುತ್ತದೆ.

ಬೀಡ ಜಿಲ್ಲೆಯ ಮಾಂಡವಾ ಗ್ರಾಮದ ಅವಿನಾಶ ಸಾಬಳೆಯವರ ಹೆಸರು ನಮ್ಮ ಹುಡುಗರಿಗೆ ಬಾಯಿಪಾಠ. ಬರಗಾಲದ ಸೀಮೆಯ ರೈತನ ಮಗ, ಹನ್ನೆರಡನೇ ತರಗತಿಯ ನಂತರ ಸೈನ್ಯ ಸೇರಿದವರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡೆಯ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ 8 ನಿಮಿಷ 11.20 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದರು. ಚಿನ್ನ ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಐದು ಭಾಗದಿಂದ. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಯಲ್ಲಿ ಚಿನ್ನವೇ ಬಂತು. ಈ ಓಟದಲ್ಲಿ 28 ಅಡ್ಡಗಟ್ಟೆ, 7 ನೀರಿನ ಹೊಂಡ ದಾಟಬೇಕು. ಹರ್ಡಲ್ಸ್‌ನ ಅಡೆಗೆ ಕಾಲು ಬಡಿದರೆ ಅಡೆ ಬೀಳುತ್ತದೆ. ಸ್ಟೀಪಲ್‌ಚೇಸ್‌ದು ಬೀಳುವುದಿಲ್ಲ, ಓಡುವವನೇ ಬೀಳುತ್ತಾನೆ. ಅದಕ್ಕೇ ಅವರು ಓಟದ ಜೊತೆಗೆ ಅದನ್ನು ದಾಟುವುದನ್ನೂ ವರ್ಷಗಟ್ಟಲೆ ಕಲಿಯುತ್ತಾರೆ. ನಮ್ಮ ಗಡಿಯ ಮಕ್ಕಳ ದಾರಿಯಲ್ಲಿ ಮರಾಠಿ ಪೇಪರು ಅಂಥ ಅಡ್ಡಗಟ್ಟೆ. ಅದು ಇದೆಯೆಂದು ಮೊದಲೇ ಗೊತ್ತಿದ್ದೂ ನಾವು ಬರೀ ಓಟ ಕಲಿಸಿ ಕಳಿಸಿದೆವು.

ಹೋದ ಸೀಗಿ ಹುಣ್ಣಿಮೆಗೆ ಆ ಹುಡುಗ ಹರಕೆ ಹೊತ್ತು ಸೊಲ್ಲಾಪುರದಿಂದ ತುಳಜಾಪುರಕ್ಕೆ ನಡೆದ. ಸುಮಾರು 45 ಕಿ.ಮೀ. ನಾವೂ ಜೊತೆಗಿದ್ದೆವು. ದಾರಿಯಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜಿ ನಮ್ಮನ್ನು ಹಿಂದೆ ಹಾಕಿದರು. ಅಂಬಾಬಾಯಿ ಮುಟ್ಟಿಸುತ್ತಾಳೆ ಎಂಬುದರಲ್ಲಿ ಅವರಿಗೆ ಕಿಂಚಿತ್ತೂ ಸಂಶಯವಿರಲಿಲ್ಲ. ಆದರೂ ಅಂಗಾಲಿಗೆ ಅರಿವೆ ಸುತ್ತಿಕೊಂಡಿದ್ದರು, ಬಿಸಿಲಾಗುವ ಮೊದಲು ತಲುಪಬೇಕೆಂದು ರಾತ್ರಿಯೇ ನಡೆಯುತ್ತಿದ್ದರು, ರೊಟ್ಟಿಯ ಗಂಟು ಬಗಲಲ್ಲಿತ್ತು. ಹುಡುಗ ಅದನ್ನೇ ನೋಡುತ್ತಿದ್ದ. ಚಹಾ ಕುಡಿಯಲು ನಿಂತಾಗ, “ಸರ್, ವ್ಯಾಕರಣ ಮೊದಲಿಂದ ಹೇಳಿಕೊಡ್ತೀರೇನ್ರಿ?” ಎಂದು ಕೇಳಿದ.

ಈಗ ಓಟ ಮುಗಿದ ಮೇಲೆ ಶಾಲೆಯ ಬೇವಿನ ಗಿಡದ ಕೆಳಗೆ ಅರ್ಧ ತಾಸು ಮರಾಠಿ ನಡೆಯುತ್ತದೆ. ದೊಡ್ಡ ಹುಡುಗರ ಜೊತೆ ಆರು, ಏಳನೆಯವರೂ ಕೂಡುತ್ತಾರೆ. ನಮ್ಮ ತಪ್ಪು ತಿದ್ದಲು ಪಕ್ಕದ ಮರಾಠಿ ಶಾಲೆಯ ಗೆಳೆಯರು ವಾರಕ್ಕೊಮ್ಮೆ ಬರುತ್ತಾರೆ. ಟಿ.ಸಿ. ಕೇಳಿದ್ದ ತಂದೆ ಇನ್ನೂ ಏನೂ ಹೇಳಿಲ್ಲ, ಆದರೆ ಮಗಳನ್ನು ನಸುಕಿಗೆ ತಾವೇ ಬಿಟ್ಟು ಹೋಗುತ್ತಾರೆ. ಹಿಂದಿನ ಭರತಿಗಳ ಪ್ರಶ್ನೆಪತ್ರಿಕೆ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳಿಸಿರಿ. ಸದ್ಯ ನಮ್ಮ ಹತ್ತಿರ ಮೂರೇ ಇವೆ, ಅವೂ ಹರಿದಿವೆ.