ಡಿಕ್ಕಿಯಲ್ಲಿ ನೈಟ್ರಸ್ ಬಾಟಲಿ, ಪೊಲೀಸರ ಕೈಯಲ್ಲಿ ಸೈಲೆನ್ಸರ್

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಊರಿಗೆ ಹೋಗಿದ್ದೆ. ಆಲೂರಿನಿಂದ ಸಕಲೇಶಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗ್ಯಾರೇಜು. ಚಿಕ್ಕಪ್ಪನ ಮಗನ ಗೆಳೆಯನೊಬ್ಬ ತನ್ನ ಹಳೇ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ತೆಗೆದು, "ಅಣ್ಣಾ, ನೀವು ಮೆಕ್ಯಾನಿಕಲ್ ಓದಿದ್ದಲ್ವಾ, ಇದನ್ನೊಂಚೂರು ನೋಡಿ" ಅಂದ. ಒಳಗೆ ನೀಲಿ ಬಾಟಲಿ. ನೈಟ್ರಸ್. ಎರಡು ಪಟ್ಟಿ ಹಾಕಿ, ತೆಳು ತಗಡಿನ ಮೇಲೆ ನಾಲ್ಕು ಸ್ಕ್ರೂ ಬಿಗಿದು ಕೂರಿಸಿದ್ದರು. ವಾಲ್ವ್ ಹಿಂದಕ್ಕೆ, ಡಿಕ್ಕಿ ಬಾಗಿಲಿನ ಕಡೆಗೆ. ಯಾಕೆ ಹಾಗೆ ಅಂತ ಕೇಳಿದ್ದಕ್ಕೆ, "ತೆಗೆಯೋಕೆ ಮುಚ್ಚೋಕೆ ಈಸಿ ಅಲ್ವಾ" ಅಂತ ಮೆಕ್ಯಾನಿಕ್ ಹೇಳಿದನಂತೆ.

ನನ್ನ ವಯಸ್ಸಿನವರಿಗೆ ನೈಟ್ರಸ್ ಅಂದ್ರೆ ನೀಡ್ ಫಾರ್ ಸ್ಪೀಡ್ ಗೇಮು, 2001ರ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಸಿನಿಮಾ. ಬಟನ್ ಒತ್ತಿದರೆ ನೀಲಿ ಬೆಂಕಿ. ನಿಜಕ್ಕೂ ಅದು ಬೆಂಕಿ ಅಲ್ಲ, ಇಂಧನವೂ ಅಲ್ಲ. ಆಸ್ಪತ್ರೆಯಲ್ಲಿ ಮಂಪರು ತರಿಸಲು ಕೊಡುವ ಅದೇ ಅನಿಲ. ಇಂಜಿನ್ನಿನೊಳಗೆ ಸುಮಾರು 300 ಡಿಗ್ರಿ ಬಿಸಿಗೆ ಸಾರಜನಕ, ಆಮ್ಲಜನಕ ಬೇರೆಯಾಗುತ್ತವೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇ. 23 ಇದ್ದರೆ ಇದರಲ್ಲಿ ಶೇ. 36. ಜೊತೆಗೆ ದ್ರವ ಆವಿಯಾಗುವಾಗ ಒಳಬರುವ ಗಾಳಿಯನ್ನೂ ತಣ್ಣಗೆ ಮಾಡುತ್ತದೆ, ಅದರ ಕುದಿಬಿಂದು ಮೈನಸ್ 88 ಡಿಗ್ರಿ. ಹೆಚ್ಚು ಆಮ್ಲಜನಕ ಅಂದ್ರೆ ಹೆಚ್ಚು ಪೆಟ್ರೋಲು ಸುಡಬಹುದು, ಅಷ್ಟೇ ಗುಟ್ಟು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಯುದ್ಧವಿಮಾನಗಳು ಗಾಳಿ ತೆಳುವಾದ ಎತ್ತರದಲ್ಲಿ ಇದನ್ನೇ ಬಳಸಿದ್ದವು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರು ಇಲ್ಲಿ ಮಂಗಳೂರಿಗಿಂತ ಹತ್ತಿರಹತ್ತಿರ ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹುಡುಗರ ಆಸೆಗೆ ಭೌತಶಾಸ್ತ್ರವೂ ಒಂಚೂರು ಕುಮ್ಮಕ್ಕು ಕೊಡುತ್ತೆ ಅನ್ನಿ.

ಈಗ ಆ ಬಾಟಲಿಗೆ ಬರೋಣ. ಒಳಗಿರುವುದು ಒತ್ತಡದಲ್ಲಿ ದ್ರವವಾದ ಅನಿಲ. ವಾಲ್ವಿನಿಂದ ಬಾಟಲಿಯ ತಳದವರೆಗೆ ಒಂದು ಕೊಳವೆ ಇಳಿದಿರುತ್ತದೆ, ದ್ರವ ಅದರ ಮೂಲಕವೇ ಹೊರಬರಬೇಕು. ಕಾರು ಮುನ್ನುಗ್ಗಿದಾಗ ದ್ರವವೆಲ್ಲ ಹಿಂದಕ್ಕೆ ನುಗ್ಗುತ್ತದೆ, ಫುಲ್ ಬಸ್ಸು ಹೊರಟಾಗ ನಿಂತವರೆಲ್ಲ ಹಿಂದಕ್ಕೆ ಬಿದ್ದಂತೆ. ಹಾಗಾಗಿ ತಳ ಹಿಂದಿರಬೇಕು, ವಾಲ್ವ್ ಮುಂದಿರಬೇಕು, ಸ್ವಲ್ಪ ಎತ್ತರದಲ್ಲಿರಬೇಕು. ಈ ಕಾರಿನಲ್ಲಿ ಎಲ್ಲವೂ ಉಲ್ಟಾ. ಬೇಕಾದ ಹೊತ್ತಿಗೆ ಕೊಳವೆಯ ಬಾಯಿಗೆ ದ್ರವದ ಬದಲು ಆವಿ ಸಿಗುತ್ತದೆ, ಘಾಟಿ ಏರುವಾಗ ಮೂತಿ ಮೇಲಾಗಿ ಇನ್ನೂ ಕೆಡುತ್ತದೆ. ಪೆಟ್ರೋಲು ಮತ್ತು ಆಮ್ಲಜನಕದ ಲೆಕ್ಕ ಒಂದು ಕ್ಷಣ ಒಂದು ತರ, ಮರುಕ್ಷಣ ಇನ್ನೊಂದು ತರ. ಪೆಟ್ರೋಲು ಕಡಿಮೆಯಾದ ಕ್ಷಣದಲ್ಲಿ ಪಿಸ್ಟನ್ ಕರಗುತ್ತದೆ.

ಪಿಸ್ಟನ್ ಹೋದರೆ ಹೋಗಲಿ, ಅದು ದುಡ್ಡಿನ ಮಾತು. ನನಗೆ ಭಯವಾಗಿದ್ದು ಇನ್ನೊಂದಕ್ಕೆ. 20 ಡಿಗ್ರಿಯಲ್ಲಿ ಬಾಟಲಿಯೊಳಗಿನ ಒತ್ತಡ ವಾತಾವರಣದ ಸುಮಾರು 50 ಪಟ್ಟು. 36 ಡಿಗ್ರಿ ದಾಟಿದರೆ ಒಳಗಿನ ದ್ರವ ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಜೋರಾಗಿ ಏರುತ್ತದೆ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯ ಬಿಸಿ ನಿಮಗೇ ಗೊತ್ತು. ಅದಕ್ಕೇ ಬಾಟಲಿಗೆ ಒಂದು ಸುರಕ್ಷತಾ ಬಿಲ್ಲೆ ಇರುತ್ತದೆ, ಒತ್ತಡ ಮಿತಿ ಮೀರಿದರೆ ಅದು ಒಡೆದು ಅನಿಲ ಬಿಡುತ್ತದೆ. ಆ ಅನಿಲವನ್ನು ಕಾರಿನಿಂದ ಹೊರಗೆ ಒಯ್ಯಲು ಪೈಪು ಹಾಕಲೇಬೇಕು. ಇಲ್ಲಿ ಪೈಪೇ ಇರಲಿಲ್ಲ. ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿ ಬೇರೆ, ಕೂರುವ ಜಾಗ ಬೇರೆ ಅಂತಿಲ್ಲ. ಕಿಟಕಿ ಏರಿಸಿಕೊಂಡು ಹೋಗುವಾಗ ಬಿಲ್ಲೆ ಒಡೆದರೆ ಒಳಗಿರುವ ಗಾಳಿಯ ಜಾಗವನ್ನು ಈ ಅನಿಲ ಹಿಡಿಯುತ್ತದೆ. ಸ್ಟೀರಿಂಗ್ ಹಿಡಿದವನಿಗೆ ಮಂಪರು, ಮುಂದೆ ಶಿರಾಡಿಯ ತಿರುವು.

ಇದೆಲ್ಲ ಅತಿಯಾಯ್ತು ಅನ್ನುವವರಿಗೆ ಒಂದು ಘಟನೆ ಹೇಳ್ತೀನಿ. 2007ರ ಜುಲೈ 26ರಂದು ಅಮೆರಿಕದ ಮೊಹಾವಿಯಲ್ಲಿ ಸ್ಕೇಲ್ಡ್ ಕಾಂಪೋಸಿಟ್ಸ್ ಎಂಬ ಸಂಸ್ಥೆ ರಾಕೆಟ್ಟಿಗಾಗಿ ನೈಟ್ರಸ್ ಹರಿವಿನ ಪರೀಕ್ಷೆ ನಡೆಸುತ್ತಿತ್ತು. ರಾಕೆಟ್ ಹೊತ್ತಿಸಿರಲಿಲ್ಲ, ಬರೀ ಅನಿಲ ಹರಿಸುತ್ತಿದ್ದರು. ಸ್ಫೋಟವಾಗಿ ಮೂವರು ಸತ್ತರು. ಅದರ ಹಿಂದಿನ ಕೆಲವೇ ವರ್ಷಗಳಲ್ಲಿ ಖಾಸಗಿ ನೌಕೆಯಲ್ಲಿ ಮನುಷ್ಯರನ್ನು ಬಾಹ್ಯಾಕಾಶದಂಚಿಗೆ ಕಳಿಸಿ ಬಂದಿದ್ದ ಸಂಸ್ಥೆ ಅದು. ಅವರಿಗೇ ಅಂದಾಜು ಸಿಗದ ವಸ್ತುವನ್ನು ನಮ್ಮ ಗ್ಯಾರೇಜುಗಳಲ್ಲಿ ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಹೋಸ್ ಪೈಪಲ್ಲಿ ತುಂಬಿಸುವುದು ಅಂದ್ರೆ!

ಕಾನೂನು ಇಲ್ಲವೇ? ಬೇಕಾದಷ್ಟಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬದಲಾಯಿತು: ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಇನ್ನು ಸಿಲಿಂಡರ್ ವಿಷಯಕ್ಕೆ 1884ರ ಸ್ಫೋಟಕ ಕಾಯ್ದೆಯಡಿ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ 'ಪೆಸೊ' ಒಪ್ಪದ ಸಿಲಿಂಡರಿಗೆ ಅನಿಲ ತುಂಬುವಂತಿಲ್ಲ, ತುಂಬುವವರಿಗೂ ಲೈಸೆನ್ಸ್ ಬೇಕು.

ಆದರೆ ರಸ್ತೆಯಲ್ಲಿ ಕಾಣುವ ಕಾನೂನು ಯಾವುದು? ಸೈಲೆನ್ಸರ್. ಬುಲೆಟ್ಟುಗಳಿಂದ ಬಿಚ್ಚಿದ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವ ದೃಶ್ಯ ಕರ್ನಾಟಕದಲ್ಲಿ ಯಾರು ನೋಡಿಲ್ಲ? ಫೋಟೋ ಚೆನ್ನಾಗಿ ಬರುತ್ತೆ. ಕರ್ಕಶ ಸದ್ದಿಗೆ ದಂಡ ಹಾಕಬೇಡಿ ಅಂತ ನಾನು ಹೇಳ್ತಿಲ್ಲ, ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಪಟಪಟ ಅನ್ನಿಸುವವರ ಮೇಲೆ ನನಗೂ ಕೋಪವಿದೆ. ಆದರೆ ಸದ್ದು ಮಾಡುವುದಷ್ಟೇ ವ್ಯವಸ್ಥೆಗೆ ಕೇಳಿಸುತ್ತದೆ. ಡಿಕ್ಕಿಯೊಳಗಿನ 50 ಪಟ್ಟು ಒತ್ತಡ ಸದ್ದು ಮಾಡುವುದಿಲ್ಲ. ಹೆಚ್ಚು ಬೆಳಕಿನ ಹೆಡ್‌ಲೈಟ್, ಅಗಲದ ಟೈರು, ನೈಟ್ರಸ್ ಬಾಟಲಿ, ಎಲ್ಲವೂ ಅದೇ ಸೆಕ್ಷನ್, ಅದೇ 5,000. ಟೈರಿಗೂ ಬಾಟಲಿಗೂ ಕಾನೂನೇ ವ್ಯತ್ಯಾಸ ಮಾಡದಿದ್ದರೆ ಇಪ್ಪತ್ತೆರಡರ ಹುಡುಗ ಯಾಕೆ ಮಾಡ್ತಾನೆ? ಅವನ ಕಣ್ಣಿಗೆ ಎಲ್ಲವೂ "ಪೊಲೀಸ್ ಕಿರಿಕ್ಕು".

ಸಿಕ್ಕಿಬೀಳುವವರು ಯಾರು ಅನ್ನೋದನ್ನೂ ಹೇಳಲೇಬೇಕು. ಎಸ್ಟೇಟಿನ ಮಾರ್ಪಾಡಾದ ಥಾರ್, ದಪ್ಪ ಟೈರು, ಮುಂದೆ ಕಬ್ಬಿಣದ ಬಂಪರು ಹಾಕಿಕೊಂಡು ಠಾಣೆ ಮುಂದೆಯೇ ಹೋಗುತ್ತದೆ. ಕಂತಿನಲ್ಲಿ ಬೈಕು ತಗೊಂಡವನು ನಾಕಾಬಂದಿಯಲ್ಲಿ ನಿಲ್ಲುತ್ತಾನೆ. ನಾನು ಈ ಭಾಗದಲ್ಲಿ ಓಡಾಡಿ ಕಂಡದ್ದು ಇದು, ಅಂಕಿಅಂಶವಲ್ಲ.

ಅಂಕಿಅಂಶ ಬೇಕಾದರೆ ಕೇಂದ್ರ ಸಾರಿಗೆ ಸಚಿವಾಲಯದ್ದಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ದಾಖಲು. ಈ 'ಅತಿವೇಗ'ದ ಬಗ್ಗೆ ನನಗೆ ತಕರಾರಿದೆ. ಎಫ್‌ಐಆರ್ ಬರೆಯುವಾಗ ಸುಲಭಕ್ಕೆ ಸಿಗುವ ಕಾಲಂ ಅದು, ಗುಂಡಿ, ಬೋರ್ಡಿಲ್ಲದ ತಿರುವು, ಅರ್ಧಕ್ಕೆ ನಿಂತ ಕಾಮಗಾರಿ ಎಲ್ಲ ಅದರೊಳಗೆ ಕರಗಿಹೋಗುತ್ತವೆ. ಶಿರಾಡಿಯನ್ನು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದರು, 2022ರ ಮಳೆಗೆ ದೋಣಿಗಾಲ್ ಬಳಿ ಹೆದ್ದಾರಿಯೇ ಕುಸಿಯಿತು. ಇಂಥ ದಾರಿಯಲ್ಲಿ ಚಾಲಕನೊಬ್ಬನನ್ನೇ ದೂರುವುದು ಸರಿಯಲ್ಲ. ಹಾಗಂತ ಇಂಥ ದಾರಿಗೇ ನೈಟ್ರಸ್ ತರುವುದೂ ಸರಿಯಲ್ಲ. ಇಲ್ಲಿ ಸಂಜೆಯಾದ ಮೇಲೆ ಯಾವ ತಿರುವಿನಲ್ಲಿ ಆನೆ ನಿಂತಿರುತ್ತದೋ ಹೇಳೋಕಾಗಲ್ಲ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ "ಆನೆ ರಸ್ತೆ ದಾಟ್ತಿದೆ, ನಿಧಾನ" ಅಂತ ಮೆಸೇಜು ಬರುವ ಊರು ಇದು.

ಹಾಗಾದರೆ ಪೂರ್ತಿ ನಿಷೇಧವೇ ದಾರಿಯಾ? ಸಿಎನ್‌ಜಿ ಉದಾಹರಣೆ ನೋಡಿ. ಸಿಎನ್‌ಜಿ ಸಿಲಿಂಡರಿನ ಒತ್ತಡ ಸುಮಾರು 200 ಬಾರ್, ನೈಟ್ರಸ್ಸಿಗಿಂತ ಎಷ್ಟೋ ಹೆಚ್ಚು. ಆದರೂ ಅದನ್ನು ಲಕ್ಷಾಂತರ ಜನ ಡಿಕ್ಕಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ, ಯಾಕಂದ್ರೆ ಒಪ್ಪಿಗೆ ಪಡೆದ ಕಿಟ್ ಇದೆ, ಒಪ್ಪಿಗೆ ಪಡೆದ ಫಿಟ್ಟರ್ ಇದ್ದಾನೆ, ಆರ್‌ಸಿಯಲ್ಲಿ ನಮೂದಿದೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಇದೆ. ಇದೇ ದೇಶದಲ್ಲಿ ಓಮ್ನಿಗಳಿಗೆ ಅಡುಗೆ ಸಿಲಿಂಡರ್ ಕಟ್ಟಿ ಓಡಿಸಿದ ಕಾಲವನ್ನು ನಮ್ಮ ಊರಿನವರು ಮರೆತಿಲ್ಲ. ಮುಚ್ಚಿಟ್ಟದ್ದನ್ನು ನಿಯಮದೊಳಗೆ ತಂದಷ್ಟೂ ಅಪಾಯ ತಗ್ಗಿತು. ಸರ್ಕಾರಕ್ಕೆ ಆ ಕೆಲಸ ಬರುತ್ತದೆ.

ಸಾರ್ವಜನಿಕ ರಸ್ತೆಗೆ ನೈಟ್ರಸ್ ಬೇಡ, ಅದರಲ್ಲಿ ನನಗೆ ಅನುಮಾನವಿಲ್ಲ. ಸಿಎನ್‌ಜಿಗೆ ಇರುವ ಉಪಯೋಗ ಇದಕ್ಕಿಲ್ಲ, ಇದು ಆಟಕ್ಕಿರುವ ವಸ್ತು. ಆದರೆ ಆಟಕ್ಕೆ ಮೈದಾನ ಬೇಕಲ್ಲ? ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿಗಳು ನಡೆದಿವೆ. ಅಲ್ಲಿ ಲೈಸೆನ್ಸು, ರೋಲ್ ಕೇಜು, ಕಾರಿನ ತಪಾಸಣೆ, ಮುಚ್ಚಿದ ರಸ್ತೆ, ಆಂಬ್ಯುಲೆನ್ಸು ಎಲ್ಲ ಕಡ್ಡಾಯ. ಮಲೆನಾಡಿನ ಹುಡುಗರಿಗೆ ವೇಗದ ಶಿಸ್ತು ಹೊಸದೇನಲ್ಲ. ಆದರೆ ರ‍್ಯಾಲಿಗೆ ಬೇಕಾಗುವ ದುಡ್ಡು ಗ್ಯಾರೇಜಿನ ಹುಡುಗನ ಹತ್ತಿರ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಐನೂರು ರೂಪಾಯಿ ಕೊಟ್ಟು, ಬಾಟಲಿ ಸರಿಯಾಗಿ ಕೂತಿದೆಯಾ ಅಂತ ಒಬ್ಬ ಜಾಣ ಇನ್‌ಸ್ಪೆಕ್ಟರ್ ಕೈಲಿ ನೋಡಿಸಿಕೊಂಡು, ನೇರ ಕಾಲು ಮೈಲಿ ಓಡಿಸುವಂಥ ಒಂದು ಪಟ್ಟಿ ರಸ್ತೆ ಹಾಸನದ ಸುತ್ತ ಎಲ್ಲೂ ಇಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಣ್ಣಿಗೆ ಇದು ಕ್ರೀಡೆಯಾಗಿಯೂ ಕಾಣುವುದಿಲ್ಲ, ಯುವಜನರ ವಿಷಯವಾಗಿಯೂ ಕಾಣುವುದಿಲ್ಲ. ದಂಡ ಕಟ್ಟುವುದು ಕಾರಿನ ಮಾಲೀಕ, ಬಾಟಲಿ ಉಲ್ಟಾ ಕೂರಿಸಿದವನು ಮುಂದಿನ ಕಾರಿಗೆ ಸ್ಪ್ಯಾನರ್ ಹಿಡಿದಿರುತ್ತಾನೆ.

ಆ ದಿನ ಬಾಟಲಿ ಬಿಚ್ಚಿಸಿದೆ. ಹುಡುಗ ಮುಖ ಸಪ್ಪಗೆ ಮಾಡಿಕೊಂಡ, ಆದರೂ ಮಾತು ಕೇಳಿದ. ಎರಡು ವಾರ ಬಿಟ್ಟು ಫೋನ್ ಮಾಡಿ, ಕಾನೂನುಬದ್ಧವಾಗಿ ಓಡಿಸೋಕೆ ಹತ್ತಿರದ ಜಾಗ ಎಲ್ಲಿದೆ ಅಂತ ಕೇಳಿದ. ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಟ್ರ್ಯಾಕಿನಲ್ಲಿ ಡ್ರ್ಯಾಗ್ ರೇಸ್ ಆಗುತ್ತೆ, ನಿಯಮ ವಿಚಾರಿಸು ಅಂದೆ.

"ಅಲ್ಲೀವರೆಗೆ ಕಾರು ರೋಡಲ್ಲೇ ಓಡಿಸ್ಕೊಂಡು ಹೋಗ್ಬೇಕಲ್ಲಣ್ಣಾ. ದಾರೀಲಿ ಹಿಡಿದ್ರೆ?"

ಲಾರಿ ಮೇಲೆ ಹಾಕ್ಕೊಂಡು ಹೋಗಬೇಕು ಅಂದೆ. ಬಾಡಿಗೆ ಎಷ್ಟಾಗುತ್ತೆ ಅಂತ ಕೇಳಿದ. ಲೆಕ್ಕ ಹಾಕಿ ಹೇಳಿದೆ. ಅವನ ಕಾರಿನ ಬೆಲೆಯ ಕಾಲುಭಾಗ.