ಕ್ರೇಟಿನ ಬಾಗಿಲು ತೆರೆಯುವ ಮುನ್ನ

ಬೆಂಗಳೂರಿನ ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಕೋಣನಕುಂಟೆ ಕಡೆಯ ಹಳೆಯ ಮನೆಗಳಲ್ಲಿ ನಾಯಿಯ ಜಾಗ ಗೇಟಿನ ಬಳಿ ಇರುತ್ತಿತ್ತು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಅದು ಎರಡು ಬೆಡ್‌ರೂಮಿನ ಮನೆಯೊಳಗೆ ಬಂದಿದೆ. ಗಂಡ ಹೆಂಡತಿ ಇಬ್ಬರೂ ಬನ್ನೇರುಘಟ್ಟ ರಸ್ತೆಗೋ ಎಲೆಕ್ಟ್ರಾನಿಕ್ ಸಿಟಿಗೋ ಕೆಲಸಕ್ಕೆ ಹೊರಟರೆ, ಟ್ರಾಫಿಕ್ಕೂ ಸೇರಿ ಹತ್ತು ಗಂಟೆ ಮನೆಗೆ ಬೀಗ. ಮರಿಯನ್ನು ಕ್ರೇಟಿನಲ್ಲಿ ಬಿಟ್ಟುಹೋಗುತ್ತಿದ್ದವರಿಗೆ ಅದಕ್ಕೆ ಏಳೆಂಟು ತಿಂಗಳಾಗುವಷ್ಟರಲ್ಲಿ ಮನಸ್ಸು ಒಪ್ಪುವುದಿಲ್ಲ. ಇಷ್ಟು ದೊಡ್ಡದಾಗಿದೆ, ಇನ್ನು ಓಡಾಡಿಕೊಂಡಿರಲಿ ಎಂದು ಒಂದು ಬೆಳಿಗ್ಗೆ ಬಾಗಿಲು ತೆರೆದಿಟ್ಟು ಹೋಗುತ್ತಾರೆ. ಸಂಜೆ ಬಂದು ನೋಡಿದರೆ ಸೋಫಾದ ಸ್ಪಂಜು ಹಾಲ್ ತುಂಬ. ಮರುದಿನದಿಂದ ಮತ್ತೆ ಕ್ರೇಟು. ಈ ಎರಡರ ನಡುವೆ ಮಾಡಬೇಕಾದ ಕೆಲಸವನ್ನೇ ನಾವು ಬಿಟ್ಟುಬಿಡುತ್ತೇವೆ ಎಂಬುದು ನನ್ನ ತಕರಾರು. ಎಳೆಯ ನಾಯಿಗೆ ಬಿಡುಗಡೆ ಬೇಕೇ ಬೇಕು. ಆದರೆ ಅದನ್ನು ಒಂದು ಕೋಣೆಯಿಂದ, ಕೆಲವೇ ನಿಮಿಷಗಳಿಂದ ಶುರುಮಾಡಬೇಕು. ನಾಯಿ ಎಷ್ಟು ಹೊತ್ತು ಒಂಟಿಯಾಗಿರಬಹುದು ಎಂಬ ಪ್ರಶ್ನೆಯನ್ನಂತೂ ಕ್ರೇಟೂ ಬಗೆಹರಿಸದು, ತೆರೆದ ಬಾಗಿಲೂ ಬಗೆಹರಿಸದು.

ಮರಿಯ ದೇಹಕ್ಕೆ ಅದರದೇ ಲೆಕ್ಕವಿದೆ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಉಚ್ಚೆ ತಡೆಯಲಾರದು. ನಾಲ್ಕನೇ ತಿಂಗಳ ಹೊತ್ತಿಗೆ ಹಾಲುಹಲ್ಲು ಬೀಳಲು ತೊಡಗಿ, ಆರೇಳು ತಿಂಗಳಿಗೆ ಹೊಸ ಹಲ್ಲುಗಳೆಲ್ಲ ಬಂದಿರುತ್ತವೆ. ಹಲ್ಲು ಬಂದಾಯಿತು, ಕಚ್ಚುವ ಚಟ ಮುಗಿಯಿತು ಎಂದುಕೊಂಡರೆ ತಪ್ಪು. ಅಲ್ಲಿಂದ ಒಂದೂವರೆ ವರ್ಷದವರೆಗೂ ಅದರದು ಹರೆಯ. ಎಂಟು ತಿಂಗಳ ಲ್ಯಾಬ್ರಡಾರ್ ನೋಡಲು ದೊಡ್ಡ ನಾಯಿಯೇ, ಬುದ್ಧಿ ಮಾತ್ರ ಇನ್ನೂ ಮರಿಯದು. ಮೈಯ ಗಾತ್ರ ನೋಡಿ ಇಡೀ ಮನೆಯನ್ನು ಅದರ ವಶಕ್ಕೆ ಕೊಡುವುದು ಈ ವಯಸ್ಸಿನಲ್ಲೇ.

ಸೋಫಾ ಹರಿಯುವ ನಾಯಿಗಳೆಲ್ಲ ಒಂದೇ ಕಾರಣಕ್ಕೆ ಹರಿಯುವುದಿಲ್ಲ. ಬೇಸರಕ್ಕೆ ಕಚ್ಚುವ ನಾಯಿ ಚಪ್ಪಲಿ, ದಿಂಬು, ರಿಮೋಟು ಎಂದು ಸಿಕ್ಕಿದ್ದನ್ನು ಹಿಡಿಯುತ್ತದೆ, ಸಾಕಾದ ಮೇಲೆ ಮಲಗುತ್ತದೆ. ಒಂಟಿತನಕ್ಕೆ ಹೆದರುವ ನಾಯಿಯ ಗುರುತು ಮುಂಬಾಗಿಲ ಬಳಿ ಸಿಗುತ್ತದೆ: ಚೌಕಟ್ಟಿನ ಕೆಳಭಾಗದಲ್ಲಿ ಉಗುರಿನ ಗೀರು, ನೆಲದ ಮೇಲೆ ಜೊಲ್ಲು, ಬೆಳಿಗ್ಗೆ ಹಾಕಿದ ಊಟ ಬಟ್ಟಲಲ್ಲೇ. ಈ ಗಾಬರಿ ಸಾಮಾನ್ಯವಾಗಿ ಮನೆಯವರು ಹೋದ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ. ಹಳೆಯ ಮೊಬೈಲನ್ನು ಕ್ಯಾಮೆರಾ ಮಾಡಿಟ್ಟು ಆ ಅರ್ಧ ಗಂಟೆ ನೋಡಿದರೂ ನಿಜ ತಿಳಿಯುತ್ತದೆ. ಇಂಥ ನಾಯಿಯನ್ನು ಕ್ರೇಟಿಗೆ ಹಾಕಿದರೆ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಪಶುವೈದ್ಯರ ಸಲಹೆ.

ಬಂದೊಡನೆ ಗದರುವುದರಿಂದಲೂ ಪ್ರಯೋಜನವಿಲ್ಲ. ತಲೆ ತಗ್ಗಿಸುತ್ತದಲ್ಲ, ತಪ್ಪು ಮಾಡಿದ್ದು ಅದಕ್ಕೆ ಗೊತ್ತು ಎನ್ನುವವರಿದ್ದಾರೆ. ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಯಿಯ ಆ ಮುಖಭಾವ ಅದು ತಪ್ಪು ಮಾಡಿತ್ತೋ ಇಲ್ಲವೋ ಎಂಬುದಕ್ಕಿಂತ ಮಾಲೀಕರು ಗದರಿದ್ದಕ್ಕೆ ಹೊಂದಿಕೊಂಡಿತ್ತು. ಬೆಳಗಿನ ಕೆಲಸಕ್ಕೆ ಸಂಜೆ ಬೈಸಿಕೊಂಡ ನಾಯಿ, ನೀವು ಮನೆಗೆ ಬರುವುದಕ್ಕೇ ಹೆದರಲು ಕಲಿಯುತ್ತದೆ.

ಹಾಗಾದರೆ ಕ್ರೇಟೇ ಕ್ರೌರ್ಯ, ಕಿತ್ತೆಸೆಯಿರಿ ಎನ್ನುವವರ ಮಾತಿಗೂ ತೂಕವಿದೆ. ಸ್ವೀಡನ್ನಿನಲ್ಲಿ ಮನೆಯೊಳಗೆ ನಾಯಿಯನ್ನು ಬೋನಿನಲ್ಲಿ ಕೂಡಿಹಾಕುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ, ಹಗಲಲ್ಲಿ ಕನಿಷ್ಠ ಆರು ಗಂಟೆಗೊಮ್ಮೆ ಹೊರಗೆ ಬಿಡಬೇಕು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಕೂಡ ಅಲುಗಾಡಲು ಜಾಗವಿಲ್ಲದ ಪಂಜರವನ್ನು ಅಪರಾಧ ಎನ್ನುತ್ತದೆ. ಸದಾ ಕಟ್ಟಿಹಾಕಿದ, ಕೂಡಿಹಾಕಿದ ನಾಯಿಗೆ ಓಡಾಟ ಕೊಡದಿರುವುದನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಎಂಬುದು ನಾಚಿಕೆಗೇಡು. ಹಾಗಿದ್ದೂ ನಾನು ಕ್ರೇಟನ್ನು ಕಿತ್ತೆಸೆಯಿರಿ ಎನ್ನುವುದಿಲ್ಲ. ಬಾಗಿಲು ತೆರೆದಿದ್ದಾಗಲೂ ನಾಯಿ ತಾನಾಗಿ ಒಳಹೋಗಿ ಮಲಗುವಂತಿದ್ದರೆ ಅದು ಹಾಸಿಗೆ. ಒಂದೆರಡು ಗಂಟೆಗೆ ಬಾಗಿಲು ಹಾಕಿದರೂ ಕೆಡುಕಿಲ್ಲ. ಆಫೀಸಿನ ಹೊತ್ತಿಗೆ ತಕ್ಕಂತೆ ಅದನ್ನು ಹತ್ತು ಗಂಟೆಗೆ ಹಿಗ್ಗಿಸುವುದು ತಪ್ಪು.

ಊರಲ್ಲಿ ನಮ್ಮಜ್ಜನ ಕಾಲದ ನಾಯಿಗೆ ಕ್ರೇಟೂ ಇರಲಿಲ್ಲ, ತರಬೇತಿಯೂ ಇರಲಿಲ್ಲ ಎನ್ನುವುದು ಇನ್ನೊಂದು ವಾದ. ನಿಜ, ಆದರೆ ಆ ನಾಯಿ ಒಂಟಿಯಾಗಿರಲಿಲ್ಲ. ಜಗಲಿಯ ಮೇಲೆ ಯಾರಾದರೂ ಇರುತ್ತಿದ್ದರು, ಕೊಟ್ಟಿಗೆಯಲ್ಲಿ ದನವಿತ್ತು, ಬೇಸರವಾದರೆ ತೋಟಕ್ಕೆ ಹೋಗಿಬರುತ್ತಿತ್ತು. ಮೂರನೇ ಮಹಡಿಯ ಬೀಗ ಹಾಕಿದ ಮನೆ ಅದರ ಅನುಭವದಲ್ಲೇ ಇರಲಿಲ್ಲ.

ಬಿಡುಗಡೆ ಶುರುಮಾಡುವ ಆ ಒಂದು ಕೋಣೆ ಆರಿಸುವಾಗ ಯುಟಿಲಿಟಿ ಬೇಡ. ಫಿನಾಯಿಲ್ ಬಾಟಲಿ, ವಾಷಿಂಗ್ ಮೆಷಿನ್ನಿನ ಪೈಪು, ಈರುಳ್ಳಿ ಬುಟ್ಟಿ ಎಲ್ಲ ಅಲ್ಲೇ ಇರುತ್ತವೆ, ಈರುಳ್ಳಿ ನಾಯಿಗೆ ವಿಷ. ಒಣದ್ರಾಕ್ಷಿ, ಚಾಕೊಲೇಟೂ ಅಷ್ಟೇ. ಬಾಲ್ಕನಿ ಇನ್ನೂ ಬೇಡ: 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರು ಇದು, ನಾಯಿ ಮೈಯೆಲ್ಲ ಬೆವರಿ ತಂಪಾಗುವ ಪ್ರಾಣಿಯಲ್ಲ. ಚಾರ್ಜರ್ ವೈರು ತೆಗೆದ, ಬಿಸಿಲು ಬೀಳದ ಒಂದು ರೂಮು ಸಾಕು. ಬಾಗಿಲಿಗೆ ಅಡ್ಡ ಒಂದು ಗೇಟು, ನೀರು, ಕಚ್ಚಲು ಗಟ್ಟಿ ರಬ್ಬರ್ ಆಟಿಕೆ, ಪಕ್ಕದಲ್ಲಿ ಬಾಗಿಲು ತೆರೆದ ಅದೇ ಕ್ರೇಟು. ಮೊದಲ ದಿನ ಕಸ ಹಾಕಿ ಬರುವಷ್ಟು ಹೊತ್ತು, ಆಮೇಲೆ ತರಕಾರಿ ತರುವಷ್ಟು, ಆಮೇಲೆ ಒಂದು ಗಂಟೆ. ಎಲ್ಲಿ ಎಡವಿತೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಶುರು.

ಇಷ್ಟಕ್ಕೆಲ್ಲ ನಮಗೆ ಪುರುಸೊತ್ತು ಎಲ್ಲಿದೆ ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದು. ಮಧ್ಯಾಹ್ನ ಬಂದು ಹೊರಗೆ ಕರೆದೊಯ್ಯುವವರನ್ನು ಗೊತ್ತುಮಾಡಬಹುದು, ಹೊಣೆಯನ್ನು ಪಕ್ಕದ ಮನೆಯ ನಿವೃತ್ತರೊಡನೆ ಹಂಚಿಕೊಳ್ಳಬಹುದು, ಇಬ್ಬರೂ ವರ್ಕ್ ಫ್ರಂ ಹೋಮ್ ದಿನಗಳನ್ನು ಬೇರೆಬೇರೆ ಮಾಡಿಕೊಳ್ಳಬಹುದು. ಇದೊಂದೂ ಆಗದ ಮನೆಗೆ ಎರಡು ತಿಂಗಳ ಮರಿ ತರಬಾರದು. 1991ರಿಂದ ಈ ನಗರದಲ್ಲಿ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಲ್ಲಿ ಮೂರು ನಾಲ್ಕು ವರ್ಷದ, ಹರೆಯ ದಾಟಿದ ನಾಡನಾಯಿಗಳು ಮನೆಗಾಗಿ ಕಾಯುತ್ತಿರುತ್ತವೆ. ಯಾವುದು ನಾಲ್ಕೈದು ಗಂಟೆ ಒಂಟಿಯಾಗಿ ನೆಮ್ಮದಿಯಿಂದ ಮಲಗಬಲ್ಲದು ಎಂದು ಅವುಗಳನ್ನು ನೋಡಿಕೊಂಡವರನ್ನೇ ಕೇಳಿ ತಿಳಿಯಬಹುದು.